ಸ್ವಾಗತಕ್ಕಿಂತ ಮೇಲಿನ ಪದ

ಮಾನ್ವಿ
೧೨ ನವೆಂಬರ್ ೧೯೭೯

ಅಣ್ಣನಿಗೆ ದುರುಗಮ್ಮನ ನಮಸ್ಕಾರ.

ನೀನು ಕ್ಷೇಮವೆಂದು ನಂಬಿದ್ದೇನೆ. ನಾನು ಕ್ಷೇಮವೋ ಅಲ್ಲವೋ ಎಂಬುದು ಈ ಪತ್ರಕ್ಕೆ ನೀನು ಬರೆಯುವ ಉತ್ತರದ ಮೇಲಿದೆ.

ಇವತ್ತು ಒಂಬತ್ತನೇ ಕ್ಲಾಸಿಗೆ ಸಂಧಿ ಹೇಳಿಕೊಡುತ್ತಿದ್ದೆ. ನಮ್ಮ ಶಾಲೆಗೆ ನೀರು ತರುವ ಬೂದೆಮ್ಮ ಬಂದು ಬಾಗಿಲಲ್ಲಿ ನಿಂತಳು. ಬಹಳ ಮಾತಿನ ಹೆಂಗಸಲ್ಲ. "ದೊಡ್ಡಕ್ಕೋರು ಕರೀತಾರ. ಅಧ್ಯಕ್ಷರೂ ಬಂದಾರ" ಅಂದು ಹೊರಟುಹೋದಳು. ದೊಡ್ಡಕ್ಕೋರು ಅಂದರೆ ಹೆಡ್‌ಮಿಸ್ಟ್ರೆಸ್ ಶಿವಬಸಮ್ಮನವರು. ಅಧ್ಯಕ್ಷರೆಂದರೆ ಈ ಹೆಣ್ಣುಮಕ್ಕಳ ಹೈಸ್ಕೂಲು ನಡೆಸುವ ಮಂಡಳಿಯ ಸಾಹುಕಾರರು. ಅವರು ಶಾಲೆಗೆ ಬಂದರೆಂದರೆ ಒಂದೋ ಕಟ್ಟಡಕ್ಕೆ ಏನಾದರೂ ಆಗಿರುತ್ತದೆ, ಇಲ್ಲವೇ ಒಬ್ಬ ಟೀಚರಿಗೆ ಏನಾದರೂ ಆಗಲಿದೆ. ಕಟ್ಟಡ ನೆಟ್ಟಗೇ ಇತ್ತು.

"ಕನ್ನಡದಾಕಿ ನೀನಾ ಅಲ್ಲೇನವಾ?" ಅಂದರು ಅಧ್ಯಕ್ಷರು.

"ಹೌದ್ರಿ ಸರ."

"ಸಾಲಿಗೆ ಕಟ್ಟಿಸಿದ ಹೊಸ ಕ್ವಾಣಿ ಉದ್ಘಾಟನಾ ಅದ. ಗುಲ್ಬರ್ಗದಿಂದ ಶಿಕ್ಷಣ ಇಲಾಖಿ ಜಂಟಿ ನಿರ್ದೇಶಕರು ಬರಾಕತ್ತಾರ. ಸ್ವಾಗತ ಭಾಷಣ ನಿಂದು. ಚಂದಾಗಿ ಕರದಿ ಅಂದ್ರ ನಿನ್ನ ನೌಕರಿ ಕಾಯಂ. ಇಲ್ಲಾಂದ್ರ ಯುಗಾದಿ ಆದ ಮ್ಯಾಲ ಬ್ಯಾರೆ ಯಾರ್ನಾರ ನೋಡ್ತೀವಿ."

ಇಷ್ಟು ಹೇಳಿ ಚಹಾ ಕುಡಿದು ಹೋದರು. ನೌಕರಿ ಹೋದರೆ ಮುಂದೇನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ದೇವದುರ್ಗದಲ್ಲಿ ಅವ್ವ ನನ್ನ ಮದುವೆಯ ಅಕ್ಕಿಕಾಳು ಹಿಡಿದುಕೊಂಡೇ ಕೂತಿದ್ದಾಳೆ. ಗದ್ದೆಪ್ಪ ಮಾವ ಒಳ್ಳೆಯವನು, ಕುರಿಗಳ ಮೇಲೆ ಅವನಿಗೆ ಬಹಳ ಪ್ರೀತಿ. ಆ ಮಂದೆಯಲ್ಲಿ ನಾನೂ ಒಂದಾಗಲು ಮನಸ್ಸಿಲ್ಲ, ಅಷ್ಟೇ.

ತೊಡಕೇನೆಂದರೆ, ವೇದಿಕೆಯ ಮೇಲೆ ಗಣ್ಯರ ದಂಡೇ ಇರುತ್ತದೆ. ಹೋದ ವರ್ಷ ಸ್ವಾಗತ ಮಾಡಿದ ಟೀಚರು ಒಬ್ಬೊಬ್ಬರಿಗೂ "ಸ್ವಾಗತ" ಅಂದು ಅಂದು, ಕೊನೆಗೆ ಮುಂದೆ ಕೂತ ಹುಡುಗಿಯರೇ ಅವರಿಗಿಂತ ಮೊದಲು "ಸ್ವಾಗತ" ಅನ್ನತೊಡಗಿದರಂತೆ. ನನಗೆ ಬೇರೆ ಬೇರೆ ಪದಗಳು ಬೇಕು. ಯಾರಿಗೆ ಯಾವುದು ಸಲ್ಲುತ್ತದೆ ಅನ್ನುವುದೂ ಬೇಕು. ನೀನು ಕಾಲೇಜಿನಲ್ಲಿ ಕನ್ನಡ ಕಲಿಸುವವನು, ಊರೆಲ್ಲ ಭಾಷಣ ಮಾಡುವವನು. ಒಮ್ಮೆಯಾದರೂ ಚೇಷ್ಟೆ ಬಿಟ್ಟು ಬರೆ.

ನಿನ್ನ ತಂಗಿ
ದುರುಗಮ್ಮ

•

ರಾಯಚೂರು
೧೭ ನವೆಂಬರ್ ೧೯೭೯

ಚಿರಂಜೀವಿ ದುರುಗಮ್ಮನಿಗೆ ಆಶೀರ್ವಾದ.

ಪತ್ರ ಓದಿ ಗಾಬರಿಯಾಯಿತು. ನೌಕರಿಯ ಸುದ್ದಿಗಲ್ಲ. ಓದು ಅಂದರೆ ದೇವದುರ್ಗದ ಸಂದಿಗಳಲ್ಲಿ ಅಡಗುತ್ತಿದ್ದವಳು ಈಗ ಸಂಧಿ ಕಲಿಸುತ್ತಿದ್ದಾಳಲ್ಲ, ಅದಕ್ಕೆ. ಇರಲಿ, ಚೇಷ್ಟೆ ಬಿಟ್ಟೆ. ಬಿಟ್ಟದ್ದು ಎಲ್ಲಿಗೂ ಹೋಗದೆ ಇಲ್ಲೇ ಕೂತಿದೆ, ಅದು ನನ್ನ ತಪ್ಪಲ್ಲ.

ಮೊದಲು "ಸ್ವಾಗತ". ಸಂಧಿ ಕಲಿಸುವವಳಿಗೆ ಗೊತ್ತೇ ಇದೆ: ಸು ಮತ್ತು ಆಗತ ಕೂಡಿದರೆ ಸ್ವಾಗತ. ಚೆನ್ನಾಗಿ ಬಂದಿರಿ ಎಂದು ಅರ್ಥ. ಅದರ ಮೊದಲಿಗೆ ಇನ್ನೊಂದು "ಸು" ಹಚ್ಚಿ ಸುಸ್ವಾಗತ ಅನ್ನುವುದು ಸಕ್ಕರೆ ಹಾಕಿದ ಚಹಾಕ್ಕೆ ಮತ್ತೆ ಸಕ್ಕರೆ ಹಾಕಿದ ಹಾಗೆ. ಆದರೆ ನಮ್ಮ ಕಡೆ ಎಲ್ಲರೂ ಹಾಗೇ ಕುಡಿಯುತ್ತಾರೆ. ಕೊಟ್ಟುಬಿಡು. ದೀರ್ಘ ಮಾತ್ರ ನುಂಗಬೇಡ. "ಸ್ವಗತ" ಅಂದರೆ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುವುದು. ಸ್ವಾಗತ ಭಾಷಣಗಳು ಹತ್ತು ನಿಮಿಷ ದಾಟಿದ ಮೇಲೆ ಸ್ವಗತಗಳೇ ಆಗುತ್ತವೆ, ಅದು ಬೇರೆ.

"ಬರಮಾಡಿಕೊಳ್ಳು" ಅಚ್ಚ ಕನ್ನಡ, ಹಿತವಾಗಿದೆ. ಊರ ಹಿರಿಯರಿಗೆ ಸಲ್ಲುತ್ತದೆ. ಒಂದೇ ಉಸಿರಿನಲ್ಲಿ ಹೇಳು. ನಡುವೆ ನಿಂತು "ಬರ... ಮಾಡಿಕೊಳ್ಳುತ್ತೇವೆ" ಅಂದೀಯೆ. ನಮ್ಮ ಜಿಲ್ಲೆಯವರು ಬರ ಮಾಡಿಕೊಳ್ಳಬೇಕಾಗಿಲ್ಲ, ಅದು ಹೇಳದೆ ಕೇಳದೆ ಬರುತ್ತದೆ.

"ಎದುರುಗೊಳ್ಳು" ಎಂದರೆ ಮುಂದೆ ಹೋಗಿ ಕರೆತರುವುದು. ಬಾಯಿ ತಪ್ಪಿ "ಅಧಿಕಾರಿಗಳನ್ನು ಎದುರಿಸುತ್ತೇವೆ" ಅಂದರೆ ಪೊಲೀಸರು ಬಂದಾರು. "ದಯಮಾಡಿಸಿ" ಎನ್ನುವುದು ಎರಡು ಅಲಗಿನ ಮಾತು. ಒಳಗೆ ಬನ್ನಿ ಎನ್ನುವುದಕ್ಕೂ ಅದೇ, ಜಾಗ ಖಾಲಿ ಮಾಡಿ ಎನ್ನುವುದಕ್ಕೂ ಅದೇ. ಅರ್ಥ ಇರುವುದು ಕೈಯಲ್ಲಿ. ಆ ಮಾತು ಹೇಳುವಾಗ ಕೈ ಬಾಗಿಲ ಕಡೆ ಹೋಗದಂತೆ ನೋಡಿಕೋ. ನಿಜಾಮರ ಕಾಲದಲ್ಲಿ ಓದಿದ ಹಿರಿಯರಿದ್ದರೆ ಒಂದು "ಖುಷ್ ಆಮದೀದ್" ಎಸೆದು ನೋಡು, ಅದು ಉರ್ದುವಿನ ಸ್ವಾಗತ. ಮುಖ ಅರಳುತ್ತದೆ.

"ಆಹ್ವಾನ" ಬೇಡ. ಅದು ಬರುವ ಮೊದಲು ಕೊಡುವುದು. ಬಂದು ಕುರ್ಚಿಯಲ್ಲಿ ಕೂತವರನ್ನು ಆಹ್ವಾನಿಸಿದರೆ ಪಾಪ, ಎದ್ದು ಹೊರಗೆ ಹೋಗಿ ಮತ್ತೆ ಬರಬೇಕಾದೀತು.

ಕೊನೆಗೆ "ಆವಾಹನೆ". ಕೇಳುವುದಕ್ಕೆ ಆಹ್ವಾನದ ತಂಗಿಯಂತಿದೆ, ಗುಣ ಪೂರ್ತಿ ಬೇರೆ. ಇದು ಸ್ವಾಗತಕ್ಕಿಂತ ಮೇಲಿನ ಪದ, ಇದರ ಮೇಲೆ ಇನ್ನೊಂದಿಲ್ಲ. ಕಲಶಕ್ಕೆ, ಮೂರ್ತಿಗೆ, ಒಟ್ಟಿನಲ್ಲಿ ದೇವರ ಮಟ್ಟದವರಿಗೆ ಮಾತ್ರ. ನಿನ್ನ ಜಂಟಿ ನಿರ್ದೇಶಕರು ಅಷ್ಟು ಎತ್ತರಕ್ಕೆ ಏರಿದ್ದರೆ ಧಾರಾಳವಾಗಿ ಬಳಸಿಕೋ.

ಧೈರ್ಯದಿಂದಿರು. ಅವ್ವನಿಗೆ ನಾನು ಏನೂ ಹೇಳಿಲ್ಲ.

ನಿನ್ನ ಅಣ್ಣ
ಹನುಮಂತ್ರಾಯ

•

ಮಾನ್ವಿ
೩೦ ನವೆಂಬರ್ ೧೯೭೯

ಅಣ್ಣನಿಗೆ ನಮಸ್ಕಾರ.

ಶಾಲೆಯ ವಿಳಾಸಕ್ಕೆ ಬಂದ ಪತ್ರ ಅಂದರೆ ಶಾಲೆಯದೇ ಪತ್ರ ಎಂದು ಶಿವಬಸಮ್ಮನವರ ಲೆಕ್ಕ. ನಿನ್ನದನ್ನು ಒಡೆದು ಓದಿದ್ದಾರೆ. ಓದಿದ್ದಷ್ಟೇ ಅಲ್ಲ, ಅಧ್ಯಕ್ಷರು ಬಂದಾಗ ನನ್ನನ್ನು ಎದುರಿಗೆ ನಿಲ್ಲಿಸಿಕೊಂಡು ಗಟ್ಟಿಯಾಗಿ ಓದಿದರು. ಬರದ ಮಾತಿಗೆ ಅಧ್ಯಕ್ಷರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸದ್ಯ, ಬಚಾವಾದೆ ಅಂದುಕೊಂಡೆ. ಅಷ್ಟರಲ್ಲಿ ಆ ಕೊನೆಯ ಪದ ಬಂತು. ಅವರ ನಗು ನಿಂತಿತು.

"ಇನ್ನೊಮ್ಮೆ ಓದ್ರಿ ಅದನ್ನ."

ಶಿವಬಸಮ್ಮನವರು ಓದಿದರು. ದೇವರ ಮಟ್ಟದವರಿಗೆ ಮಾತ್ರ.

"ಇದಾ ಬೇಕು," ಅಂದರು ಅಧ್ಯಕ್ಷರು. "ಸ್ವಾಗತ, ಸುಸ್ವಾಗತ ನಮಗೆಲ್ಲ ಹಂಚವಾ. ದೊಡ್ಡ ಸಾಹೇಬ್ರಿಗೆ ಇದು."

"ಸರ, ಅದು ದೇವರಿಗೆ ಹೇಳೋದ್ರಿ. ಅಣ್ಣ ಚೇಷ್ಟಿಗೆ ಬರದಾನ."

"ಗ್ರಾಂಟು ಯಾರು ಕೊಡ್ತಾರ? ಕೊಡಾವ್ರ ದೇವ್ರು."

"ನಿಮ್ಮಣ್ಣ ಕಾಲೇಜಿನ್ಯಾಗ ಕಲಿಸಾವ. ಅವನಾ ಬರದ ಮ್ಯಾಲ ನಿಂದೇನು ತಕರಾರು?" ಅಂದರು ಶಿವಬಸಮ್ಮನವರು.

ತಕರಾರಿಗೆ ಬಾಯಿ ತೆರೆದೆ, ಕಾಯಂ ನೌಕರಿ ನೆನಪಾಗಿ ಮುಚ್ಚಿದೆ. ಈಗ ಸಿರವಾರದಿಂದ ಡೊಳ್ಳಿನ ಮೇಳಕ್ಕೆ ಹೇಳಿದ್ದಾರೆ. ನಾನು ಆ ಪದ ಅಂದ ಕೂಡಲೇ ಡೊಳ್ಳು ಬಾರಿಸಬೇಕೆಂದು ಅಪ್ಪಣೆ. ಪೆಂಡಾಲು ಚರಂಡಿಯ ಪಕ್ಕಕ್ಕಿದೆ, ಸೊಳ್ಳೆಗಳ ಕಾಟಕ್ಕೆ ಲೋಬಾನದ ಹೊಗೆ ಹಾಕಿಸುತ್ತಾರಂತೆ. ಕಾರ್ಯಕ್ರಮ ಡಿಸೆಂಬರ್ ಐದಕ್ಕೆ. ನನಗೇಕೋ ಎದೆಯಲ್ಲಿ ಈಗಲೇ ಡೊಳ್ಳು ಶುರುವಾಗಿದೆ. ಆ ಪದ ತಪ್ಪು ಅಂತ ಒಂದು ಸಾಲು ಗಂಭೀರವಾಗಿ ಬರೆದು ಕಳಿಸು. ಇವರು ನಿನ್ನ ಮಾತು ಕೇಳುತ್ತಾರೆ.

ದುರುಗಮ್ಮ

•

ರಾಯಚೂರು
೪ ಡಿಸೆಂಬರ್ ೧೯೭೯

ದುರುಗೂ,

ನಿನ್ನ ಪತ್ರ ಈಗ ಬಂತು. ಓದುತ್ತಲೇ ಕುರ್ಚಿಯಿಂದ ಎದ್ದುಬಿಟ್ಟೆ. ಎದ್ದು ಮಾಡುವುದೇನೂ ಇಲ್ಲವೆಂದು ಮತ್ತೆ ಕೂತು ಬರೆಯುತ್ತಿದ್ದೇನೆ. ನಾಳೆ ನನಗೆ ಪರೀಕ್ಷೆಯ ಹಾಲಿನಲ್ಲಿ ಡ್ಯೂಟಿ, ಬರಲಾರೆ. ಇದನ್ನು ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸುತ್ತಿದ್ದೇನೆ. ದೊಡ್ಡಕ್ಕೋರಿಗೂ ಅಧ್ಯಕ್ಷರಿಗೂ ತೋರಿಸು.

ಮಾನ್ಯರೇ, ಆ ಪದವನ್ನು ಮನುಷ್ಯರಿಗೆ ಬಳಸಬಾರದು. ನಾನು ಬರೆದದ್ದು ಹಾಸ್ಯಕ್ಕೆ. ಆವಾಹನೆ ಮಾಡಿದವರು ಪೂಜೆ ಮುಗಿದ ಮೇಲೆ ವಿಸರ್ಜನೆಯನ್ನೂ ಮಾಡಬೇಕಾಗುತ್ತದೆ. ಶಿಕ್ಷಣ ಇಲಾಖೆಯ ಅಧಿಕಾರಿಗಳನ್ನು ಡೊಳ್ಳು ಬಾರಿಸಿಕೊಂಡು ಹೋಗಿ ಕೆರೆಗೆ ಬಿಡುವ ವಿಚಾರ ಮಂಡಳಿಗೆ ಇರಲಾರದೆಂದು ನಂಬಿದ್ದೇನೆ.

ದುರುಗೂ, ಕೊನೆಯ ಸಾಲು ಅವರಿಗೆ ಓದಬೇಡ. ಕೈ ತಪ್ಪಿ ಬಂತು.

ಹನುಮಂತ್ರಾಯ

•

ಮಾನ್ವಿ
೬ ಡಿಸೆಂಬರ್ ೧೯೭೯

ಅಣ್ಣನಿಗೆ,

ನಿನ್ನ ಚೀಟಿ ಇವತ್ತು ಸಿಕ್ಕಿತು. ಕಂಡಕ್ಟರು ಅದನ್ನು ಜೇಬಿನಲ್ಲಿಟ್ಟುಕೊಂಡು ಸಿಂಧನೂರಿಗೆ ಹೋಗಿ, ಅಲ್ಲಿ ಒಂದು ದಿನ ಇದ್ದು, ವಾಪಸು ಬರುವಾಗ ಕೊಟ್ಟ. ಕೈ ಇನ್ನೂ ನಡುಗುತ್ತಿದೆ, ಅಕ್ಷರ ನೋಡಿದರೆ ನಿನಗೇ ಗೊತ್ತಾಗುತ್ತದೆ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಪೆಂಡಾಲು ತುಂಬಿತ್ತು. ಹುಡುಗಿಯರು, ಅವರ ತಾಯಂದಿರು, ಪ್ಯಾಟಿಯ ವ್ಯಾಪಾರಸ್ಥರು. ಜಂಟಿ ನಿರ್ದೇಶಕರು ಪ್ರವಾಸಿ ಮಂದಿರದಲ್ಲಿ ಊಟಕ್ಕೆ ಕೂತವರು ಏಳಲಿಲ್ಲ. ಜನ ಗೊಣಗತೊಡಗಿದರು. ನಡುವಿನ ದೊಡ್ಡ ಕುರ್ಚಿ ಖಾಲಿ. ಅಷ್ಟರಲ್ಲಿ ಜೀಪಿನ ಸದ್ದು ಕೇಳಿತು. "ಬಂದ್ರು ಬಂದ್ರು, ಶುರು ಮಾಡವಾ," ಅಂದರು ಅಧ್ಯಕ್ಷರು.

ಶುರು ಮಾಡಿದೆ. ಬಾಯಿ ಚೆನ್ನಾಗಿಯೇ ಓಡಿತು. ಹಿರಿಯರನ್ನು ಬರಮಾಡಿಕೊಂಡೆ, ಬರ ಬರಲಿಲ್ಲ. ಕೊನೆಗೆ ಖಾಲಿ ಕುರ್ಚಿಯ ಕಡೆ ಕೈ ಚಾಚಿ, "ಪೂಜ್ಯರನ್ನು ಈ ಪೀಠಕ್ಕೆ ಆವಾಹನೆ ಮಾಡುತ್ತೇನೆ" ಅಂದೆ. ಸಿರವಾರದವರು ಡೊಳ್ಳಿಗೆ ಕೈ ಹಾಕಿದರು. ಯಾರೋ ಆಗಷ್ಟೇ ಕೆಂಡಕ್ಕೆ ಲೋಬಾನ ಸುರಿದಿದ್ದರು, ಬಿಳಿ ಹೊಗೆ ವೇದಿಕೆಯ ಮೇಲೆಲ್ಲ ಹಬ್ಬಿತು.

ಆ ಜೀಪು ಅವರದಲ್ಲ, ಯಾವುದೋ ಬೀಜದ ಕಂಪನಿಯದು. ಮುಂದೆ ಹೋಗಿಬಿಟ್ಟಿತು.

ಪೆಂಡಾಲಿನ ಪಕ್ಕದಲ್ಲಿ ಬೂದೆಮ್ಮ ಗಣ್ಯರಿಗೆ ಕೊಡಲು ನೀರಿನ ಕೊಡ ಇಟ್ಟುಕೊಂಡು ನಿಂತಿದ್ದಳು. ಕೊಡ ಬಿದ್ದ ಸದ್ದಾಯಿತು. ತಿರುಗಿ ನೋಡಿದರೆ ಅವಳು ತಲೆ ಕೆದರಿಕೊಂಡು, ಮೈಯೆಲ್ಲ ನಡುಗಿಸುತ್ತ ವೇದಿಕೆ ಏರಿ ಬರುತ್ತಿದ್ದಾಳೆ. ಬಂದವಳೇ ನಡುವಿನ ಕುರ್ಚಿಯಲ್ಲಿ ಕೂತಳು. ಅಣ್ಣಾ, ದಿನಾ ಗೋಡೆಗೆ ಒರಗಿ ನಿಲ್ಲುವ ಹೆಂಗಸು ಅದು. ಅಲ್ಲಿ ಕೂತಿದ್ದವಳನ್ನು ನಾನು ಯಾವತ್ತೂ ನೋಡಿರಲಿಲ್ಲ. ಡೊಳ್ಳಿನವರು ಕೈ ಮುಗಿದು ನಿಂತುಬಿಟ್ಟರು. ಅವಳ ತವರು ಬಾಗಲವಾಡದಲ್ಲಿ ದುರುಗವ್ವ ದೇವಿ ಅವಳ ಮೈಮೇಲೆ ಬರುತ್ತಿದ್ದಳೆಂದು, ಮಾನ್ವಿಗೆ ಬಂದ ಮೇಲೆ ಒಮ್ಮೆಯೂ ಬಂದಿರಲಿಲ್ಲವೆಂದು ಆಮೇಲೆ ತಿಳಿಯಿತು. ಇಲ್ಲಿ ಯಾರೂ ಕರೆದಿರಲಿಲ್ಲವಂತೆ.

"ಯಾರು ನನ್ನ ಕರದಾಕಿ?" ದನಿ ಬೂದೆಮ್ಮನದಲ್ಲ.

ವೇದಿಕೆಯ ಗಣ್ಯರೆಲ್ಲ ನನ್ನ ಕಡೆ ನೋಡಿದರು. ನನ್ನನ್ನು ತೋರಿಸುವುದಕ್ಕೆ ಅವರಿಗೆ ಎಷ್ಟು ಸಡಗರ.

"ನಾನಾ ಯವ್ವಾ," ಅಂದೆ.

"ಯಾತಕ್ಕ ಕರದಿ?"

ನಾನು ಬಿ.ಎ. ಓದಿದವಳು, ನಿನ್ನ ತಂಗಿ, ದೇವರು ಮೈಮೇಲೆ ಬರುವುದರ ಬಗ್ಗೆ ನಾವಿಬ್ಬರೂ ಎಷ್ಟು ನಕ್ಕಿಲ್ಲ. ಆದರೆ ಆ ಕಣ್ಣಿನ ಮುಂದೆ ಸುಳ್ಳು ಹೇಳಲು ನನ್ನಿಂದ ಆಗಲಿಲ್ಲ. "ಚಂದಾಗಿ ಕರದ್ರ ನೌಕರಿ ಕಾಯಂ ಮಾಡ್ತೀನಂದಾರ ಯವ್ವಾ" ಅಂದುಬಿಟ್ಟೆ. ಮೈಕು ಬಾಯಿಗೇ ಇತ್ತು. ಮೈಕಿನ ಅಮೀರ್ ಸಾಬ್ ಅದನ್ನು ಬಂದ್ ಮಾಡಬೇಕೆಂಬುದನ್ನೇ ಮರೆತು ಬಾಯಿ ತೆರೆದು ನಿಂತಿದ್ದರು. ನನ್ನ ಮಾತು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿದೆ.

"ಯಾರು, ಇವನೇನು?"

"ಹೂಂ ಯವ್ವಾ."

ಅವಳು ಅಧ್ಯಕ್ಷರ ಕಡೆ ತಿರುಗಿದಳು. "ಚಂದ ಕರದಾಳಲ್ಲೋ. ನಾನಾ ಬಂದೀನಿ. ಇನ್ನೇನು ಬೇಕು ನಿನಗ?"

ಅಧ್ಯಕ್ಷರ ಮುಖ ಸುಣ್ಣದ ಗೋಡೆಯ ಹಾಗಾಗಿತ್ತು. ಎದ್ದು ಕೈ ಮುಗಿದು, "ಮಾಡ್ತೀನಿ ತಾಯಿ, ನಾಳಿಗೇ ಮಾಡ್ತೀನಿ" ಅಂದರು. ಅದೂ ಮೈಕಿನಲ್ಲಿ.

ಜಂಟಿ ನಿರ್ದೇಶಕರು ಬಂದದ್ದು ಆವಾಗ. ಒಂಟಿಯಾಗಿ ಪೆಂಡಾಲಿನ ಬಾಗಿಲಲ್ಲಿ ನಿಂತರು. ಯಾರೂ ಎದುರುಗೊಳ್ಳಲಿಲ್ಲ. ಸ್ವಲ್ಪ ಹೊತ್ತು ನೋಡಿ ಚಪ್ಪಲಿ ಬಿಚ್ಚಿ, ಹುಡುಗಿಯರ ನಡುವೆ ಜಮಖಾನೆಯ ಮೇಲೆ ಕೂತರು.

ಶಿವಬಸಮ್ಮನವರು ಹಿಂದಿನಿಂದ ನನ್ನ ಸೆರಗು ಎಳೆದರು. "ಕರದಾಕಿ ನೀನು, ಕಳಿಸಾಕೀನೂ ನೀನಾ. ಲಗೂ ಏನರ ಅನ್ನು." ಬಾಯಿಪಾಠ ಮಾಡಿದ್ದೆಲ್ಲ ಕರೆಯುವ ಪದಗಳು. ಅವ್ವ ನಮ್ಮನ್ನು ಊರಿಗೆ ಕಳಿಸುವಾಗ ಅನ್ನುವುದು ನೆನಪಾಗಿ, ಎರಡೂ ಕೈ ಮುಗಿದು, "ಹೋಗಿ ಬಾ ಯವ್ವಾ" ಅಂದೆ.

ಅವಳ ತಲೆ ಎದೆಗೆ ಬಿತ್ತು. ಹಿಡಿದುಕೊಂಡೆ. ಏನೂ ಭಾರವಿರಲಿಲ್ಲ. ಕಣ್ಣು ತೆರೆದವಳು ತಾನು ಕೂತ ಕುರ್ಚಿ ನೋಡಿ ಹೆದರಿ ಎದ್ದಳು. "ಕೊಡ ಒಡೀತೇನ್ರಿ ಅಕ್ಕೋರ?" ಅಂದಳು.

ನಾಳೆ ಏನಾಗುತ್ತದೋ ಗೊತ್ತಿಲ್ಲ.

ದುರುಗಮ್ಮ

•

ರಾಯಚೂರು
೧೯ ಡಿಸೆಂಬರ್ ೧೯೭೯

ದುರುಗೂ,

ನಿನ್ನ ಪತ್ರವನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಮೊದಲು ಎಲ್ಲರೂ ದಂಗಾದರು. ಆಮೇಲೆ ಶುರುವಾದ ನಗು ಬೆಲ್ಲು ಹೊಡೆದರೂ ನಿಲ್ಲಲಿಲ್ಲ. ಚರಿತ್ರೆಯವರು ಬೆಂಚಿಗೆ ತಲೆಯಿಟ್ಟು ನಕ್ಕು, ಇದು ಚರಿತ್ರಾರ್ಹ ಅಂದರು. ಸ್ವಾಗತಕ್ಕೆ ಸಾಕ್ಷಾತ್ ದೇವರೇ ಬಂದು ಸರ್ಟಿಫಿಕೇಟು ಕೊಟ್ಟದ್ದು ಕರ್ನಾಟಕದಲ್ಲಿ ನಿನಗೊಬ್ಬಳಿಗೇ. ದುರುಗಮ್ಮನೇ ಕರೆದಳು, ದುರುಗಮ್ಮನೇ ಬಂದಳು. ಕರ್ತೃವೂ ನೀನೇ, ಕರ್ಮವೂ ನೀನೇ.

ಹೋದ ವಾರ ಮಾನ್ವಿಯಿಂದ ಬಂದವರು ನಿನ್ನ ಆರ್ಡರು ಆಯಿತೆಂದು ಹೇಳಿದರು. ಅವ್ವನಿಗೆ ತಿಳಿಸಿದ್ದೇನೆ. ಗದ್ದೆಪ್ಪ ಮಾವ ಕುರಿ ಕಾಯುವುದನ್ನು ಬಿಟ್ಟು ಎರಡು ದಿನ ಮಲಗಿದ್ದನಂತೆ. ಮೂರನೇ ದಿನ ಬೇರೆ ಕಡೆ ಹೆಣ್ಣು ನೋಡಲು ಹೋದನಂತೆ.

ಈಗ ನಿಜ ಹೇಳು. ಚರಿತ್ರೆಯವರು ಕೇಳಿದರು, ನಾನೂ ಕೇಳುತ್ತೇನೆ: ನೀನೂ ಬೂದೆಮ್ಮನೂ ಮೊದಲೇ ತಾಲೀಮು ಮಾಡಿದ್ದಿರೋ? ಮಾಡಿದ್ದರೆ ನಿನ್ನ ಬುದ್ಧಿಗೆ ಶರಣು. ನಾನು ಯಾರಿಗೂ ಹೇಳುವುದಿಲ್ಲ.

ಹನುಮಂತ್ರಾಯ

•

ರಾಯಚೂರು
೨೦ ಫೆಬ್ರವರಿ ೧೯೮೦

ದುರುಗಮ್ಮನಿಗೆ,

ಇದಕ್ಕೆ ಮುಂಚೆ ಬರೆದ ಪತ್ರಗಳಿಗೂ ಉತ್ತರವಿಲ್ಲ. ಸಂಕ್ರಾಂತಿಗೆ ಬರುತ್ತೀಯೆಂದು ಅವ್ವ ಎಳ್ಳು ಹಚ್ಚಿದ ರೊಟ್ಟಿ ಬಡಿದು ಕಾದಳು. ನಿನಗೆ ಕೈ ತುಂಬ ಕೆಲಸವೆಂದು ನಾನೇ ಒಂದು ಕಥೆ ಹೇಳಿದೆ.

ತಾಲೀಮಿನ ಮಾತು ನಾನು ಕೇಳಬಾರದಿತ್ತು. ಪತ್ರವನ್ನು ಸ್ಟಾಫ್ ರೂಮಿನಲ್ಲಿ ಓದಬಾರದಿತ್ತು. ಅಕ್ಷರ ನಡುಗಿವೆ ಎಂದು ನೀನೇ ಬರೆದಿದ್ದೆ, ನಾನು ಅದನ್ನೂ ನಗುತ್ತಲೇ ಓದಿದೆ.

ಈ ಪತ್ರದಲ್ಲಿ ಚೇಷ್ಟೆ ಇಲ್ಲ, ಹುಡುಕಬೇಡ. ಒಂದು ಕಾರ್ಡಾದರೂ ಹಾಕು. ಬೈದಾದರೂ ಹಾಕು.

ಅಣ್ಣ

•

ಮಾನ್ವಿ
೧೦ ಮಾರ್ಚ್ ೧೯೮೦

ಅಣ್ಣನಿಗೆ ನಮಸ್ಕಾರ.

ಸಿಟ್ಟಿನಿಂದ ಬರೆಯಲಿಲ್ಲ ಅಂದರೆ ಸುಳ್ಳು. ಆದರೆ ಸಿಟ್ಟು ಸಂಕ್ರಾಂತಿಯ ಹೊತ್ತಿಗೇ ಇಳಿದಿತ್ತು. ಆಮೇಲೆ ಬರೆಯದ್ದಕ್ಕೆ ಕಾರಣ ಬೇರೆ.

ನನ್ನ ಕಾಯಂ ಆರ್ಡರಿಗೆ ಅಧ್ಯಕ್ಷರು ಸಹಿ ಹಾಕಿದ ದಿನವೇ, ಅದೇ ಮೇಜಿನ ಮೇಲೆ, ಬೂದೆಮ್ಮನನ್ನು ಕೆಲಸದಿಂದ ಬಿಡಿಸಿದರು. "ದೇವ್ರು ಬರೋ ಹೆಣ್ಣುಮಗಳು ಸಾಲ್ಯಾಗ ಬ್ಯಾಡ. ಯಾವಾಗ ಬರ್ತಾಳೋ, ಮೈಕಿನ್ಯಾಗ ಏನು ಕೇಳ್ತಾಳೋ" ಅಂದರಂತೆ. ನನಗೆ ಗೊತ್ತಾದದ್ದು ಮರುದಿನ, ನೀರಿನ ಕೊಡ ಹೊತ್ತು ಬೇರೊಬ್ಬಳು ಬಂದಾಗ. ಶಿವಬಸಮ್ಮನವರನ್ನು ಕೇಳಿದೆ. "ನಿನ್ನ ಕೆಲಸ ಉಳೀತಲ್ಲ, ಸುಮ್ಕಿರು" ಅಂದರು. ನಾನು ಸುಮ್ಮನಿದ್ದೆ, ಅಣ್ಣಾ. ಆ ಹೊತ್ತಿಗೆ ನಿನ್ನ ಪತ್ರ ಬಂತು, ತಾಲೀಮು ಮಾಡಿದ್ದಿರೋ ಎಂದು. ಏನಂತ ಬರೆಯಲಿ? ನನಗೆ ಕಾಯಂ ಕುರ್ಚಿ ಸಿಕ್ಕಿತು, ವೇದಿಕೆಯ ಕುರ್ಚಿಯಲ್ಲಿ ಕೂತವಳ ಅನ್ನ ಹೋಯಿತು ಎಂದು ಬರೆಯಲೇ?

ಹೋದ ವಾರ ಅವಳ ಮನೆಗೆ ಹೋದೆ. ಕಂಡವರ ಹೊಲದಲ್ಲಿ ಶೇಂಗಾ ಕೀಳಲು ಹೋಗಿ ಆಗಷ್ಟೇ ಬಂದಿದ್ದಳು. ಆವತ್ತು ನಿಜವಾಗಿ ಏನಾಯಿತೆಂದು ಕೇಳಿದೆ. ಅವಳು ನನ್ನನ್ನೇ ವಿಚಿತ್ರವಾಗಿ ನೋಡಿ, "ಕರದ್ರಿ, ಬಂದೆ. ಕರದ್ರ ಬರಬಾರದೇನ್ರಿ?" ಅಂದಳು. ಯಾರು ಬಂದದ್ದು, ದೇವಿಯೋ ಇವಳೋ, ಇನ್ನೊಮ್ಮೆ ಕೇಳಲು ಧೈರ್ಯ ಸಾಲಲಿಲ್ಲ.

ಈಗ ನಿನ್ನ ಪ್ರಶ್ನೆಗೆ ಉತ್ತರ. ಮೊದಲ ಸಲ ತಾಲೀಮು ಇರಲಿಲ್ಲ. ಎರಡನೇ ಸಲ ಇತ್ತು.

ಹೌದು, ಓದಿದ್ದು ಸರಿಯಾಗಿದೆ. ನಾನೇ ಹೂಡಿದ್ದು. ಆದಿತ್ಯವಾರ ಬೆಳಿಗ್ಗೆ ಅಧ್ಯಕ್ಷರ ಮನೆಗೆ ಹೋಗುವುದು. ಅಲ್ಲಿ ನಾನು ಲೋಬಾನ ಹಾಕುವುದು, ಅವಳು ನಡುಗಿ ಕಟ್ಟೆ ಏರುವುದು, "ನನ್ನ ಮಗಳನ್ಯಾಕ ಬಿಡಿಸಿದ್ಯೋ" ಅನ್ನುವುದು. ಮಾತುಗಳನ್ನು ನಾನೇ ಹೆಣೆದು ಅವಳಿಗೆ ಒಪ್ಪಿಸಿದೆ. ಎಲೆ ಅಡಿಕೆ ಜಗಿಯುತ್ತ ಪೂರ್ತಿ ಕೇಳಿ, "ಛಲೋ ಅದ ರೀ" ಅಂದಳು. ಅಷ್ಟೇ. ಮಾಡುತ್ತೇನೆ ಅನ್ನಲಿಲ್ಲ. ಅದು ನನಗೆ ಆಮೇಲೆ ಹೊಳೆಯಿತು.

ನಿನ್ನೆ ಹೋದೆವು. ಅಧ್ಯಕ್ಷರು ಕಟ್ಟೆಯ ಮೇಲೆ ಕ್ಷೌರಕ್ಕೆ ಕೂತಿದ್ದರು. ಅರ್ಧ ಗಲ್ಲ ಆಗಿತ್ತು, ಇನ್ನರ್ಧಕ್ಕೆ ಸಾಬೂನಿನ ನೊರೆ. ನಮ್ಮನ್ನು, ಅಂದರೆ ಬೂದೆಮ್ಮನನ್ನು ಕಂಡಿದ್ದೇ ತಡ, ಅವರ ಎರಡೂ ಕೈ ತಾವಾಗಿ ಕೂಡಿಕೊಂಡವು. ಕ್ಷೌರದವನು ಕತ್ತಿ ಎತ್ತಿ ಹಿಡಿದು ಹಿಂದೆ ಸರಿದ. ಒಳಗಿನಿಂದ ಸಾಹುಕಾರ್ತಿ ಅರಿಷಿಣ ಕುಂಕುಮದ ತಟ್ಟೆ ಹಿಡಿದುಕೊಂಡೇ ಬಂದರು. ನಾನು ಕೆಂಡ ಕೇಳಿ ಇಸಿದುಕೊಂಡು ಲೋಬಾನ ಹಾಕಿದೆ. ಹೊಗೆ ಎದ್ದಿತು. ಬೂದೆಮ್ಮ ಕಟ್ಟೆಯ ಕೆಳಗೆ, ಅಂಗಳದಲ್ಲಿ ನಿಂತಿದ್ದಾಳೆ. ನಡುಗಲೇ ಇಲ್ಲ. ನಾನು ಕಣ್ಣಿನಲ್ಲೇ ಸನ್ನೆ ಮಾಡಿದೆ. ಸೆರಗಿನಿಂದ ಮೂಗು ಒರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅದನ್ನ ಆರಸ್ರಿ ಅಕ್ಕೋರ, ಕಣ್ಣು ಉರಿಯಾಕತ್ತಾವ."

ನನಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ಅವಳು ಅಧ್ಯಕ್ಷರ ಮುಖ ನೋಡಿದಳು. ತನ್ನದೇ ದನಿಯಲ್ಲಿ, ಕ್ಲಾಸಿನ ಬಾಗಿಲಲ್ಲಿ ನಿಂತು ಮಾತಾಡುವ ಆ ಸಣ್ಣ ದನಿಯಲ್ಲಿ ಹೇಳಿದಳು:

"ಸಾವಕಾರ್ರ, ಕೈ ಇಳಸ್ರಿ. ದೇವ್ರು ಬಂದಿಲ್ಲ. ನಾನಾ ಬಂದೀನಿ, ಬೂದೆಮ್ಮ. ದೇವ್ರಿಗೆ ಕೊಟ್ಟ ಮಾತು ನಡಿಸಿದ್ರಿ, ಛಲೋ ಆತು. ನಾ ಏನು ತಪ್ಪು ಮಾಡೀನಿ ಅಂತ ಕೇಳಾಕ ಬಂದೀನಿ. ಕೆಲಸಕ್ಕ ಬಾ ಅಂತೀರೋ, ಹೋಗು ಅಂತೀರೋ, ಒಂದು ಹೇಳ್ರಿ."

ಅಣ್ಣಾ, ದೇವಿ ಬಂದಿದ್ದರೆ ಅವರಿಗೆ ಏನು ಮಾಡಬೇಕೆಂದು ಗೊತ್ತಿತ್ತು. ಕಾಯಿ, ಕುಂಕುಮ, ಮಾಡ್ತೀನಿ ತಾಯಿ. ಇದಕ್ಕೆ ಏನು ಮಾಡಬೇಕೆಂದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಅವರು ಹೆಂಡತಿಯ ಕಡೆ ನೋಡಿದರು. ತಟ್ಟೆ ಹಿಡಿದ ಸಾಹುಕಾರ್ತಿ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದರು. ಅಧ್ಯಕ್ಷರು ಮುಗಿದ ಕೈಗಳು ಇನ್ನೂ ಹಾಗೇ ಇದ್ದವು. ಕೈ ಇಳಿಸಿ ಬೈಯಬಹುದಿತ್ತು. ಬೈಗುಳ ಗಂಟಲಿಗೆ ಬಂದದ್ದು ನನಗೆ ಕಾಣಿಸಿತು. ಬಾಯಿ ತೆರೆದರು, ನೊರೆ ಒಳಗೆ ಹೋಯಿತು, ಉಗುಳಿದರು.

"ನಾಳಿಯಿಂದ ಕೆಲಸಕ್ಕ..." ಅಂದು ನಿಂತರು. ಮುಂದಿನ ಪದ "ಬಾ" ಅಂತಲೇ ಇರಬೇಕು. ಮಾನ್ವಿಯಲ್ಲಿ ಹುಟ್ಟಿ ಬೆಳೆದ ಸಾಹುಕಾರ ನೀರು ತರುವವಳಿಗೆ ಬೇರೆ ಏನನ್ನುತ್ತಾನೆ.

"...ಬರ್ರಿ" ಅಂದರು.

ಅಂದಮೇಲೆ ಅವರಿಗೇ ಅದು ಕೇಳಿಸಿತು. ನುಂಗಿಕೊಳ್ಳಲು ನೋಡಿದರು. ಕ್ಷೌರದವನು ಕತ್ತಿಯನ್ನು ತೊಡೆಗೆ ಒರೆಸುತ್ತಿದ್ದವನು ಹಾಗೇ ನಿಂತ. ಬೂದೆಮ್ಮ ಹಿಂದಕ್ಕೆ ತಿರುಗಿ ನೋಡಿದಳು, ಯಾರನ್ನು ಕರೆದರೋ ಎಂದು. ಅವಳ ಹಿಂದೆ ಇದ್ದವಳು ನಾನು, ಟೀಚರು.

ನಾನು ಪಕ್ಕಕ್ಕೆ ಸರಿದು ನಿಂತೆ.

ನಿನ್ನ
ದುರುಗಮ್ಮ